ಅತ್ತೆಯ ವಿಟಮಿನ್ ಡಿ

ಗೆಳೆಯರೇ, ನಮ್ಮ ಅತ್ತೆಗೆ ಡಾಕ್ಟರು ವಾರಕ್ಕೊಂದು ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟಿದ್ದರು. ಕಾಲುನೋವು ಕಡಿಮೆಯಾದ ಖುಷಿಯಲ್ಲಿ ಅವರು ಅದನ್ನು ದಿನಾ ನುಂಗುತ್ತಿದ್ದರಂತೆ! ಇವತ್ತು ಅವರಿಗೆ ಹೊಟ್ಟೆ ತೊಳಸಿ, ಬಾಯಾರಿಕೆ ತಡೆಯಲಾಗದಾದಾಗ ಮಣಿಪಾಲದ ಆಸ್ಪತ್ರೆಗೆ ಓಡಿದೆವು.

"ದಿನಾ ಎಂತಕ್ಕೆ ತಗೊಂಡದ್ದು ಅಮ್ಮ?" ಎಂದರು ಡಾಕ್ಟರು.

"ಒಳ್ಳೆಯದು ಅಂತ ನೀವೇ ಹೇಳಿದ್ದಲ್ವಾ?"

"ಒಳ್ಳೆಯದೇ. ಆದರೆ ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರ್ತದೆ, ಕಿಡ್ನಿಗೆ ತೊಂದರೆ."

ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ತುಸುವೇ ಹೆಚ್ಚಿತ್ತು. ಮಾತ್ರೆ ನಿಲ್ಲಿಸಲು ಹೇಳಿ, ಮುಂದಿನ ವಾರ ಮತ್ತೆ ಬರಲು ತಿಳಿಸಿ ಕಳಿಸಿದರು. ನನಗೆ ಹೋದ ಜೀವ ಬಂದಂತಾಯಿತು.

ಮರಳುವಾಗ ಕಾಪು ಕಡಲತೀರದಲ್ಲಿ ಕುಳಿತೆವು. ಸಂಜೆಬಿಸಿಲು ಅಲೆಗಳ ಮೇಲೆ ಜೇನಿನಂತೆ ಹರಡಿತ್ತು. ಅತ್ತೆ ಕಣ್ಣು ಮುಚ್ಚಿ ಅದಕ್ಕೆ ಮುಖವೊಡ್ಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಬಿಸಿಲು ದಿನಾ ತಗೊಳ್ಬಹುದಾ ಅಂತ ಕೇಳ್ಲಿಕ್ಕೆ ಮರೆತೇ ಹೋಯ್ತು, ಮಾರಾಯ್ತಿ."