ಓನರಮ್ಮನ ಸಡಿಲ ಗಂಟು

ನಮ್ಮ ಓನರಮ್ಮನ ಎಡಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಹತ್ತಿ ಸೀರೆಯ ಪಟ್ಟಿಗಳು ಸುತ್ತಿಕೊಂಡಿರುತ್ತಿದ್ದವು. ಮೊದಲ ಸಲ ನೋಡಿದವರು ಕೈ ಸುಟ್ಟುಕೊಂಡಿದ್ದಾರೆಂದು ಮರುಗುತ್ತಿದ್ದರು. ನಾನೂ ಮರುಗಿದೆ.

"ಗಾಯ ನನಗಲ್ಲರೀ. ಗಿಡಕ್ಕೆ ಆಗಬಾರದು ಅಂತ," ಎಂದು ಒಂದು ಪಟ್ಟಿಯನ್ನು ಬಿಚ್ಚಿ, ಗಾಳಿಮರದ ಕಂಬವೊಂದನ್ನು ನನ್ನತ್ತ ವಾಲಿಸಿ, "ವೇಡಿಕೆ ತಮಾಷೆ ನೋಡ್ತಾ ನಿಂತೀರಲ್ಲ, ಕೊಂಚ ಹಿಡ್ಕೊಳ್ಳಿ" ಎಂದರು.

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ವರ್ಗವಾಗಿ ಕೋಡಂಬಾಕ್ಕಂನ ಅವರ ಮಹಡಿಗೆ ಬಾಡಿಗೆಗೆ ಬಂದ ನಾನು ಅಂದಿನಿಂದ ಕಂಬ ಹಿಡಿದುಕೊಂಡೇ ಇದ್ದೆ. ಬಾಡಿಗೆ ಕರಾರಿನಲ್ಲಿ ಈ ಷರತ್ತು ಇರಲಿಲ್ಲ.

ಅವರ ಮನೆತನ ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೂ ಗೊತ್ತಿರಲಿಲ್ಲ. ದೇವರೊಡನೆ ಸಂಸ್ಕೃತ, ಬೀದಿಯೊಡನೆ ತಮಿಳು, ನಮ್ಮೊಡನೆ ಮಾತ್ರ ಎರಡನ್ನೂ ಬೆರೆಸಿದ ಒಂದು ಕನ್ನಡ. ಗಂಡ ತೀರಿಕೊಂಡಿದ್ದರು, ತಾವು ಕೆಳಮನೆಯಲ್ಲಿ ಮಗಳು-ಅಳಿಯರ ಜೊತೆಗಿದ್ದರು. ಏಳುವಾಗ, ಕೂರುವಾಗ, ಯಾವ ಕೆಲಸಕ್ಕೆ ಕೈ ಹಾಕುವಾಗಲೂ "ಸಾಕಾಗೋಯ್ತಪ್ಪಾ" ಎನ್ನುತ್ತಿದ್ದರು. ಅವರ ಪಾಲಿಗೆ ಅದು ಗಣೇಶಸ್ತುತಿ ಇದ್ದಂತೆ. ಅದಾದ ಮೇಲೆಯೇ ಕೆಲಸ.

ಒಂದು ಕಾರ್ತಿಕದ ಚಂಡಮಾರುತ ಗೇಟಿನ ಹೊರಗಿನ ಹಳೆಯ ಗುಲ್‌ಮೊಹರನ್ನು ಬುಡಸಹಿತ ಮಲಗಿಸಿತು. ಅದರಡಿ ಗಾಡಿ ನಿಲ್ಲಿಸಿಕೊಂಡು ಇಡೀ ಬೀದಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸಿಗೆ ಈಗ ಕೆಳಗೆ ಕೆಂಡದ ಪೆಟ್ಟಿಗೆ, ಮೇಲೆ ಸೂರ್ಯ. ಬೇಸಿಗೆಯಲ್ಲಿ ಒಮ್ಮೆ ನನ್ನದೇ ಅಂಗಿಯ ಮೇಲೆ ತಲೆ ತಿರುಗಿ ಬಿದ್ದಳು. ವಡಪಳನಿಯ ಕಡೆ ಎಲ್ಲಾದರೂ ನೆರಳು ಹುಡುಕಿಕೊಂಡು ಹೋಗುತ್ತೇನೆಂದಳು. ಅಲ್ಲಿ ಅವಳನ್ನು ನಂಬಿ ಬಟ್ಟೆ ಕೊಡುವವರು ಯಾರೂ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು. (ಅವಳೂ ಓನರಮ್ಮನೂ ಆಡಿದ ತಮಿಳನ್ನು ನನ್ನ ಯೋಗ್ಯತೆಗೆ ತಕ್ಕಂತೆ ಕನ್ನಡಿಸಿದ್ದೇನೆ.)

"ಎಲ್ಲೂ ಹೋಗ್ಬೇಡ. ನೆರಳು ನಾನು ತರ್ತೀನಿ," ಎಂದರು ಓನರಮ್ಮ, ನುಗ್ಗೆಕಾಯಿ ತರುವವರ ಹಾಗೆ.

ತಂದದ್ದು ಸೊಂಟದೆತ್ತರದ ಬೇವಿನ ಸಸಿ. ಗುಲ್‌ಮೊಹರ್ ಇದ್ದಲ್ಲೇ ನೆಟ್ಟರು. ಇಕ್ಕೆಲಗಳಲ್ಲಿ, ಬೇರಿಗೆ ತಾಗದಷ್ಟು ದೂರಕ್ಕೆ ಎರಡು ಕಂಬ. ಹಳೆಯ ಹಳದಿ ಸೀರೆಯ ಪಟ್ಟಿಯನ್ನು ಕಾಂಡಕ್ಕೂ ಕಂಬಕ್ಕೂ ನಡುವೆ ಇಂಗ್ಲಿಷಿನ ಎಂಟರಂತೆ ಹಾಯಿಸಿ, ಬೆರಳು ತೂರುವಷ್ಟು ಸಡಿಲ ಬಿಟ್ಟು, ತೀರ ಕೆಳಗೆ ಗಂಟು ಹಾಕಿದರು. ಆ ಗಂಟನ್ನು ಕಂಡರೆ ನನಗೆ ಭಯವಾಗುತ್ತಿತ್ತು. ಸಂಜೆ ಸಮುದ್ರದ ಗಾಳಿ ಬಂದರೆ ಸಸಿ ಕುಡಿದವನಂತೆ ತೂಗುತ್ತಿತ್ತು.

"ಇನ್ನೂ ಬಿಗಿಯಾಗಿ ಕಟ್ಟಬಾರದಾ?" ಎಂದೆ.

"ಬಿಗಿಯಾಗಿ ಕಟ್ಟಿದ್ರೆ ಸೋಂಬೇರಿ ಆಗೋಗತ್ತೆ ರೀ. ಕಂಬ ನಿಂತಿದೆಯಲ್ಲ, ನಾನ್ಯಾಕೆ ನಿಲ್ಲಲಿ ಅನ್ನತ್ತೆ. ನಿಮ್ಮ ಆಫೀಸಲ್ಲಿ ಅಂಥವರು ಇಲ್ವಾ? ಆಡ್ಲಿ ಬಿಡಿ. ಆಡಿದ್ರೆ ತಾನೆ ಸೊಂಟ ಬರೋದು."

ಸಸಿಗೆ ಸೊಂಟವೂ ಬಂತು. ಮರುವರ್ಷದ ಆಡಿ ಮಾಸದಲ್ಲಿ, ಅಂದರೆ ನಮ್ಮ ಆಷಾಢದ ಸುಮಾರಿಗೆ, ಗಾಳಿ ಜೋರಾಗುವ ಹೊತ್ತಿಗೆ, ಓನರಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಕೆಲವು ವಾರ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಸಸಿ ದೇವತೆಯಾಯಿತು.

ಯಾರ ತಪ್ಪೂ ಅಲ್ಲ. ಆಡಿಯೆಂದರೆ ಅಮ್ಮನವರ ತಿಂಗಳು, ಬೇವೆಂದರೆ ಅಮ್ಮನವರ ಮರ, ಅದರ ಸೊಂಟಕ್ಕೊಂದು ಹಳದಿ ಬಟ್ಟೆ. ಹಾದುಹೋಗುವ ಹೆಂಗಸರು ಇನ್ನೇನು ತಿಳಿಯಬೇಕು? ಒಬ್ಬಳು ಕುಂಕುಮ ಇಟ್ಟಳು. ಮತ್ತೊಬ್ಬಳು ಅರಿಶಿನದ ದಾರ ಸುತ್ತಿದಳು. ಆಮೇಲೆ ದಾರದ ಮೇಲೆ ದಾರ, ಅದರ ಮೇಲೆ ಲಂಗದಂಥ ಕೆಂಪು ಪಾವಡೆ, ಬುಡದಲ್ಲೊಂದು ದೀಪ. ಹರಕೆಯ ದಾರವನ್ನು ಸಡಿಲವಾಗಿ ಕಟ್ಟುವವರನ್ನು ನಾನು ಕಂಡಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಹೊರಬಂದ ಓನರಮ್ಮ ಪಾವಡೆ ಎತ್ತಿ ನೋಡಿದರು. ದಾರಗಳ ಮೇಲ್ಗಡೆ ಕಾಂಡ ಊದಿಕೊಂಡಿತ್ತು. ತುದಿಯ ಎಲೆಗಳು ಬಾಡುತ್ತಿದ್ದವು.

"ಸಾಕಾಗೋಯ್ತಪ್ಪಾ," ಎಂದರು. "ಐಪ್ಪಸಿ ತಿಂಗಳ ಮಳೆಗಾಳಿ ಬಂದ್ರೆ ಇಲ್ಲೇ ಮುರಿಯತ್ತೆ. ಬಿಚ್ಚಬೇಕು."

ಇಸ್ತ್ರಿಯವಳು ಗಾಡಿ ಬಿಟ್ಟು ಬಂದು ಅಡ್ಡ ನಿಂತಳು. "ಕೈ ಹಾಕಬೇಡಿ ಅಮ್ಮಾ. ತಾಯಿ ಆತ್ತಾನೇ ಬಂದು ಕೂತಿದ್ದಾಳೆ. ಈಗ ಮರ ಕಡಿಯೋ ಧೈರ್ಯ ಯಾರಿಗಿದೆ? ನನ್ನ ಗಾಡಿ ತೆಗೆಸೋ ಧೈರ್ಯ ಯಾರಿಗಿದೆ?"

ಅವಳ ಲೆಕ್ಕವೂ ತಪ್ಪಿರಲಿಲ್ಲ. ಆದರೆ ಆತ್ತಾ ಉಳಿಯಬೇಕಾದರೆ ಮರ ಉಳಿಯಬೇಕಿತ್ತು. ಓನರಮ್ಮ ವಾದಿಸಲಿಲ್ಲ. ಒಳಗೆ ಹೋಗಿ, ತಲೆಗೆ ನೀರು ತಾಗಿಸಬಾರದೆಂಬ ಡಾಕ್ಟರರ ಅಪ್ಪಣೆಗೆ ಮರ್ಯಾದೆ ಕೊಟ್ಟು ಕತ್ತಿನವರೆಗೆ ಮಾತ್ರ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ತಟ್ಟೆ ತುಂಬ ಹೂವು ಹಿಡಿದು ಬಂದರು. ಏಕಾದಶಿಗೆ ನೀರೂ ಮುಟ್ಟದ ವೈಷ್ಣವ ಮನೆತನದ ಹೆಂಗಸು ಬೀದಿಯ ಅಮ್ಮನಿಗೆ ಕೈಮುಗಿದರು. ಆಮೇಲೆ ಇಸ್ತ್ರಿಯವಳ ಕಡೆ ತಿರುಗಿದರು.

"ನಿನ್ನ ಮಗಳಿಗೆ ಹೋದ ವರ್ಷದ ರವಿಕೆ ಈ ವರ್ಷ ಆಗತ್ತಾ?"

"ಹೇಗಾಗತ್ತಮ್ಮಾ. ಬೆಳೆಯೋ ಹುಡುಗಿ."

"ಹಾಗಾದ್ರೆ ಇವಳೊಬ್ಬಳಿಗೆ ಯಾಕೆ ಹಳೇ ರವಿಕೆ ತೊಡಿಸಿ ಉಸಿರು ಕಟ್ಟಿಸ್ತೀಯ?"

ಇಸ್ತ್ರಿಯವಳು ಬುಡದ ದೀಪವನ್ನು ಪಕ್ಕಕ್ಕೆ ಸರಿಸಿದಳು. "ಆದರೆ ಕತ್ತರಿ ಬೇಡ," ಎಂದಳು.

ಇಬ್ಬರೂ ಫುಟ್‌ಪಾತಿನಲ್ಲಿ ಕೂತು ಒಂದೊಂದೇ ದಾರವನ್ನು ಉಗುರಿನಿಂದ ಬಿಡಿಸಿದರು. ಒಬ್ಬರಿಗೆ ಕಣ್ಣು ಸರಿಯಿಲ್ಲ, ಇನ್ನೊಬ್ಬಳಿಗೆ ಬೆರಳ ತುದಿಯೆಲ್ಲ ಸುಟ್ಟು ಬೊಬ್ಬೆ. ನನಗೆ ದೀಪ ಆರದಂತೆ ನೋಡಿಕೊಳ್ಳುವ ಗುರುತರ ಹೊಣೆ. ಸಂಜೆಗೆ ಕಾಂಡದ ಸುತ್ತ ಬಳೆಯಂಥ ಒಂದು ಕಲೆ ಮಾತ್ರ ಉಳಿಯಿತು. ಹೊಸ ಗಂಟಿಗೆ ಓನರಮ್ಮ ಗಂಡನ ಬಿಳಿ ಪಂಚೆಯನ್ನು ಹರಿದರು. ಬಿಳಿ ಬಟ್ಟೆಯಲ್ಲಿ ಯಾರೂ ದೇವರನ್ನು ಕಾಣಲಾರರೆಂಬ ನಂಬಿಕೆಯಿಂದ. ವಾರ ಕಳೆಯುವುದರೊಳಗೆ ಯಾರೋ ಅದಕ್ಕೆ ಮೂರು ಪಟ್ಟೆ ವಿಭೂತಿ ಬಳಿದಿದ್ದರು.

"ಸೆರಿ," ಎಂದರು ಓನರಮ್ಮ. "ಯಜಮಾನ್ರೂ ಬಂದ್ರು."

ಆ ವರ್ಷದ ಮಳೆಗಾಲದ ಗಾಳಿಗೆ ಮರ ಒಂದಿಷ್ಟು ವಾಲಿತು, ಮುರಿಯಲಿಲ್ಲ. ಮುಂದಿನ ವರ್ಷ ಕಂಬಗಳನ್ನೇ ಕಿತ್ತರು. ನಾನೂ ಇಸ್ತ್ರಿಯವಳೂ ಒಂದೇ ದನಿಯಲ್ಲಿ ಬೇಡವೆಂದೆವು. "ಎಷ್ಟು ದಿನ ರೀ ಹಿಡ್ಕೊಂಡಿರೋದು," ಎಂದು ಸುಸ್ತಾದವರಂತೆ ಹೇಳಿ ಕಂಬಗಳನ್ನು ಪಕ್ಕದ ಮನೆಯ ಹೊಂಗೆಗೆ ಕೊಟ್ಟುಬಿಟ್ಟರು. ಬರಬರುತ್ತ ಅವರ ನಡಿಗೆ ನಿಧಾನವಾಯಿತು. ಕೈಯ ಪಟ್ಟಿಗಳೂ ಕಡಿಮೆಯಾದವು. ಹಳೆಯ ಗಿಡಗಳಿಗೆ ಬೇಕಿರಲಿಲ್ಲ, ಹೊಸವನ್ನು ನೆಡುವ ತ್ರಾಣ ಉಳಿದಿರಲಿಲ್ಲ.

ಎರಡು ಸಾವಿರದ ಇಸವಿಯ ನಂತರದ ಒಂದು ಮೇ ತಿಂಗಳಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮರುದಿನ ಬೆಳಿಗ್ಗೆ ಬರಬೇಕಿದ್ದ ಪುರೋಹಿತರು ಬಂದಾಗ ನಡುಹಗಲು. ಗೇಟಿನ ಹೊರಗೆ ಚಟ್ಟ ಕಟ್ಟುತ್ತಿದ್ದರು. ಬಿದಿರಿಗೆ ಹಗ್ಗವನ್ನು ಎಳೆದೆಳೆದು ಬಿಗಿಯುತ್ತಿದ್ದುದನ್ನು ನೋಡಲಾರದೆ ನಾನು ರಸ್ತೆಯ ಕಡೆ ತಿರುಗಿದೆ.

ಇಸ್ತ್ರಿಯವಳು ತನ್ನ ಗಾಡಿಯನ್ನು ಬೇವಿನಡಿಯಿಂದ ತಳ್ಳಿಕೊಂಡು ಹೋಗಿ ಎದುರು ಬದಿಯ ಬಿಸಿಲಿಗೆ ನಿಲ್ಲಿಸಿದ್ದಳು. ತಾನೂ ಅದರ ಪಕ್ಕ ಸೆರಗು ತಲೆಗೆಳೆದು ನಿಂತಿದ್ದಳು. ಖಾಲಿಯಾದ ನೆರಳಿನಲ್ಲಿ ಓನರಮ್ಮನನ್ನು ತಂದು ಮಲಗಿಸಿದರು. ಬಿಸಿಲಿಗೆ ತಲೆ ತಿರುಗಿ ಬೀಳುತ್ತೀಯ, ನೆರಳಿಗೆ ಬಾ ಎಂದು ನಾನು ಕರೆದೆ.

"ಇರಲಿ ಸಾರ್," ಎಂದಳು. "ಇವತ್ತು ಅದು ಅವರಿಗೆ."