ಹ್ಯಾಲ್ಸಿಯನ್ ಪದಕ್ಕೆ ದೊಡ್ಡಮ್ಮ ಕೊಟ್ಟ ಕನ್ನಡ

ಮೊನ್ನೆ ಸಂಜೆ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬ ಇಳಿಸಿ ಮುಚ್ಚಳ ತೆಗೆದೆ ನೋಡಿ, ಹಳೇ ಅರಿಶಿನದ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು. ಸರಸ್ವತಿಪುರಂನ ಈ ಎರಡು ಕೋಣೆಯ ಬಾಡಿಗೆ ಮನೆ, ಕೆಳಗೆ ಟ್ಯುಟೋರಿಯಲ್ ಬಿಟ್ಟು ಬರುವ ಹುಡುಗರ ಗಲಾಟೆ, ನನ್ನೊಬ್ಬಳಿಗೆಂದು ತೊಳೆದಿಟ್ಟ ಒಂದು ಹಿಡಿ ಅಕ್ಕಿ, ಎಲ್ಲ ಮರೆತು ಲಕ್ಷ್ಮೀಪುರಂ ಮನೆಯ ಕೆಂಪು ಗಾರೆ ನೆಲದ ಮೇಲೆ ಕೂತುಬಿಟ್ಟೆ. ನಮ್ಮ ದೊಡ್ಡಪ್ಪ ಮನೆಗೆ ಬಂದ ಮದುವೆ ಕಾಗದ ಒಂದನ್ನೂ ಬಿಸಾಡಿದವರಲ್ಲ. ಅಂಗೈಯಗಲಕ್ಕೆ ಕತ್ತರಿಸಿ, ಖಾಲಿ ಇದ್ದ ಬೆನ್ನಿನ ಮೇಲೆ ಒಂದೊಂದು ಇಂಗ್ಲಿಷ್ ಪದ, ಅದರ ಕೆಳಗೆ ಕನ್ನಡ ಬರೆಯೋರು. ಮೂಲೆಗೆ ಹಚ್ಚಿದ ಅರಿಶಿನ ಹಾಗೇ ಉಳಿದಿರುತ್ತಿತ್ತು. ತಿರುಗಿಸಿದರೆ ಯಾರದೋ ಅರ್ಧ ಹೆಸರು, ಯಾವುದೋ ಛತ್ರದ ಅರ್ಧ ವಿಳಾಸ. ಆ ಮದುವೆಗಳಲ್ಲಿ ಉಂಡವರೇ ಈಗ ಎಷ್ಟು ಜನ ಇದ್ದಾರೋ.

ನನಗೆ ಎಂಟು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ತಿಥಿ ಮುಗಿದ ಮಾರನೇ ದಿನ ನನ್ನ ಎರಡು ಲಂಗ, ಒಂದು ಸ್ಲೇಟು ಚೀಲಕ್ಕೆ ತುಂಬಿಕೊಂಡು ನರಸೀಪುರದ ಬಸ್ಸಿನಲ್ಲಿ ಮೈಸೂರಿಗೆ ಕರೆದುಕೊಂಡು ಬಂದಳು. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹಳ್ಳಿಯಿಂದ ಬಂದ ಮಕ್ಕಳು ಇಂಗ್ಲಿಷ್ ಡಿಕ್ಷನರಿ ತೆಗೆದರೆ ಒಳಗಿರುವ ಕನ್ನಡವೂ ಅರ್ಥವಾಗದೆ ಬೆವರುತ್ತವೆ ಅಂತ ಅವರಿಗೆ ಭಾರೀ ಸಂಕಟ. ಅದಕ್ಕೇ ಆ ಕಾರ್ಡುಗಳಲ್ಲಿ ತಾವೇ ಒಂದು ಡಿಕ್ಷನರಿ ಕಟ್ಟುತ್ತಿದ್ದರು, ಅದಕ್ಕೆ ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದರು. ಯಾವ ಪದಕ್ಕೇ ಆಗಲಿ ಕನ್ನಡವನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೆಯೋದು. ಸಂಜೆ ಅಡುಗೆಮನೆ ಹೊಸ್ತಿಲಲ್ಲಿ ಕೂತು, ಒಲೆ ಮುಂದಿದ್ದ ದೊಡ್ಡಮ್ಮನಿಗೆ ಆ ಮಾತನ್ನು ಒಂದು ವಾಕ್ಯದಲ್ಲಿ ಹೇಳಿ ತೋರಿಸೋದು. ಅವಳು “ಒಗ್ತದೆ, ಬರ್ಕೊಳ್ಳಿ” ಅಂದರೆ ಮಾತ್ರ ಅದರ ಮೇಲೆ ಮಸಿ. ಮಸಿ ತೀಡುವ ಕೆಲಸ ನನ್ನದು. ದೊಡ್ಡಮ್ಮನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಕನ್ನಡವನ್ನೂ ಕೂಡಿಸಿ ಕೂಡಿಸಿ ಓದುತ್ತಿದ್ದಳು.

ದೊಡ್ಡಪ್ಪನಿಗೆ ಗ್ರೀಕರ ಪುರಾಣ ಅಂದರೆ ಪ್ರಾಣ. ಅಲ್ಲಿಂದ ಬಂದ ಪದ ಸಿಕ್ಕಿತೋ, ಆವತ್ತು ನಮಗೆ ಕತೆ. ಕಿಮೆರಿಕಲ್ ಅಂತ ಒಂದು ಪದ ಬಂದಾಗ, ಸಿಂಹದ ಮುಖ, ಮೇಕೆಯ ಮೈ, ಹಾವಿನ ಬಾಲದ ಪ್ರಾಣಿಯನ್ನು ಅವರು ಕೈಕಾಲು ಆಡಿಸಿ ತೋರಿಸಿದ್ದೇ ತೋರಿಸಿದ್ದು. ದೊಡ್ಡಮ್ಮ ಮುದ್ದೆ ತಿರುವುತ್ತಲೇ, “ಇಲ್ದೇ ಇರೋದಕ್ಕೆ ಇಷ್ಟು ಒದ್ದಾಡ್ಬೇಕೇನ್ರೀ? ಮೊಲದ ಕೊಂಬು ಅನ್ನಿ, ಮುಗೀತು” ಅಂದಳು. ದೊಡ್ಡಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಬಸ್ಸಾರಿನ ಬೆಳ್ಳುಳ್ಳಿ ಒಗ್ಗರಣೆ, ಒಲೆಯ ಬಿಸಿ, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ನಾಲಿಗೆ ಕಚ್ಚಿ ಮಸಿ ತೀಡುತ್ತಿದ್ದ ನಾನು. ಅಮ್ಮ ಇಲ್ಲ ಅನ್ನೋದು ಆ ಹೊತ್ತಿನಲ್ಲಿ ಮಾತ್ರ ನನಗೆ ಮರೆತುಹೋಗುತ್ತಿತ್ತು. ಸುಖ ಅಂತ ಅದಕ್ಕೆ ಹೆಸರಿಡಬೇಕು ಅಂತಲೂ ಗೊತ್ತಿರಲಿಲ್ಲ ಬಿಡಿ.

ನಾನು ಪಿಯುಸಿಗೆ ಸೇರಿದ ವರ್ಷ ಹ್ಯಾಲ್ಸಿಯನ್ ಬಂತು. ಆವತ್ತು ನನ್ನ ಜೊತೆ ಕಾಲೇಜಿನ ಗೆಳತಿ ಬಂದಿದ್ದಳು, ಕಾನ್ವೆಂಟಿನಲ್ಲಿ ಓದಿದವಳು. ದೊಡ್ಡಪ್ಪ ಕತೆ ಶುರು ಮಾಡಿದರು. ಗಂಡ ಹಡಗು ಮುಳುಗಿ ಸತ್ತ, ಹೆಂಡತಿ ತಾನೂ ಸಮುದ್ರಕ್ಕೆ ಹಾರಿದಳು, ದೇವರುಗಳು ಮರುಗಿ ಇಬ್ಬರನ್ನೂ ಮಿಂಚುಳ್ಳಿ ಹಕ್ಕಿ ಮಾಡಿದರು. ಆ ಹಕ್ಕಿ ನೀರಿನ ಮೇಲೆ ಗೂಡು ಕಟ್ಟಿ ಕಾವಿಗೆ ಕೂತಾಗ, ಗಾಳಿದೇವರಾದ ಅವಳಪ್ಪ ನಡು ಚಳಿಗಾಲದಲ್ಲಿ ಎರಡು ವಾರ ಗಾಳಿಯನ್ನೆಲ್ಲ ಕಟ್ಟಿಹಾಕುತ್ತಾನೆ. ಆ ನೆಮ್ಮದಿಯ ದಿನಗಳಿಗೆ ಈ ಪದ, ಅಂದರು. “ಅಯ್ಯೋ, ಮಿಂಚುಳ್ಳಿ ಹೊಳೆ ದಂಡೇಲಿ ಬಿಲ ತೋಡ್ತದೆ ಕಣ್ರೀ, ನೀರ್ ಮೇಲೆ ಎಲ್ಲಿ ಗೂಡು ಕಟ್ತದೆ!” ಅಂದಳು ದೊಡ್ಡಮ್ಮ. ಆಮೇಲೆ ಮುದ್ದೆ ಕೋಲು ಆಡಿಸೋದು ನಿಲ್ಲಿಸಿ, “ಹಿಡ್ಕಂಡ ಮಳೆ ನಡೂವೆ ಎರಡು ದಿನ ಬಿಸಿಲು ಬರಲ್ವಾ? ಹೊಳವು ಕೊಡ್ತು ಅಂತೀವಲ್ಲ. ರಾಗಿ ಹರವ್ಕೋತೀವಿ, ಕೌದಿ ಒಣಗಾಕ್ಕೋತೀವಿ, ನಗ್ತೀವಿ. ಮಳೆ ತಿರ್ಗಾ ಬರ್ತದೆ ಅಂತ ಗೊತ್ತೇ ಇರ್ತದೆ. ಹೊಳವಿನ ದಿನ ಅನ್ನಿ” ಅಂದಳು. ದೊಡ್ಡಪ್ಪ ಒತ್ತಿ ಒತ್ತಿ ಪೆನ್ಸಿಲ್ಲಿನಲ್ಲಿ ಬರೆದು ಕಾರ್ಡನ್ನು ನನ್ನ ಕಡೆ ಚಾಚಿದರು. ಗೆಳತಿ ಕಿಸಕ್ಕನೆ ನಕ್ಕಳು. ನನ್ನ ಮುಖಕ್ಕೆ ಬೆಂಕಿ ಬಿದ್ದ ಹಾಗಾಯಿತು. “ಇದು ಡಿಕ್ಷನರಿ ದೊಡ್ಡಮ್ಮ, ನಿಮ್ಮೂರ ಜಗಲಿ ಅಲ್ಲ. ನಿಂಗೇನು ಗೊತ್ತು?” ಅಂದೆ. ರಬ್ಬರಿನಿಂದ ಗಸಗಸ ಉಜ್ಜಿ, ಯಾರ ಒಪ್ಪಿಗೆಗೂ ಕಾಯದೆ, “ಪ್ರಶಾಂತ” ಅಂತ ನೇರ ಮಸಿಯಲ್ಲೇ ಬರೆದುಬಿಟ್ಟೆ.

ದೊಡ್ಡಮ್ಮ ಬೈಯಲಿಲ್ಲ. “ಸರಿ ಬುಡವ್ವ, ಓದ್ದೋಳು ನೀನು” ಅಂದು, ನನ್ನ ಗೆಳತಿಗೆ ತುಪ್ಪ ಒಂದು ಚಮಚ ಜಾಸ್ತಿಯೇ ಹಾಕಿ ಬಡಿಸಿದಳು. ಅಲ್ಲಿಂದ ಮುಂದೆ ದೊಡ್ಡಪ್ಪ ಹೊಸ್ತಿಲಲ್ಲಿ ಕೂತು ಏನು ಕೇಳಿದರೂ “ಅವಳ್ನೇ ಕೇಳಿ” ಅನ್ನೋಳು. ನಾಲ್ಕು ಸಂಜೆ ಕೇಳಿದರು, ಐದನೇ ಸಂಜೆ ಡಬ್ಬದ ಮುಚ್ಚಳ ಹಾಕಿದರು. ಡಿಕ್ಷನರಿ ಅಲ್ಲಿಗೇ ನಿಂತಿತು. ಇಬ್ಬರಲ್ಲಿ ಯಾರಾದರೂ ನನ್ನನ್ನು ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ. ತಪ್ಪಾಯ್ತು ಅನ್ನೋಕೆ ನಾಳೆ, ಹಬ್ಬ ಕಳೀಲಿ, ಪರೀಕ್ಷೆ ಮುಗೀಲಿ ಅಂತ ಮುಂದೂಡುತ್ತಾ ಬಂದೆ; ದೊಡ್ಡಮ್ಮ ಹೋಗಿಯೇಬಿಟ್ಟಳು. ಎರಡು ವರ್ಷಕ್ಕೆ ದೊಡ್ಡಪ್ಪನೂ ಹೋದರು. ನನ್ನ ಮದುವೆ ಹೆಚ್ಚು ದಿನ ಬಾಳಲಿಲ್ಲ, ಆ ಕತೆ ಇಲ್ಲಿ ಬೇಡ. ಲಕ್ಷ್ಮೀಪುರಂ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ. ಅಡುಗೆಮನೆ ಎಲ್ಲಿತ್ತು ಅಂತ ಅಂದಾಜು ಮಾಡಿ ನೋಡಿದರೆ ಅಲ್ಲೊಂದು ಸ್ಕೂಟರ್ ನಿಂತಿರುತ್ತದೆ.

ಮೊನ್ನೆ ಆ ಕಾರ್ಡು ಹುಡುಕಿ ತೆಗೆದೆ. ‘ಪ್ರಶಾಂತ’ ಕಂದು ಬಣ್ಣಕ್ಕೆ ತಿರುಗಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ನಾನು ಉಜ್ಜಿದ ಜಾಗದಲ್ಲಿ ದೊಡ್ಡಪ್ಪನ ಪೆನ್ಸಿಲ್ ಕೊರೆದ ಗೆರೆ ಇನ್ನೂ ಇತ್ತು. ಬೆರಳಾಡಿಸಿದರೆ ಸಿಗುತ್ತಿತ್ತು: ಹೊಳವಿನ ದಿನ. ಅಲ್ಲಾ, ಆ ಹೆಂಗಸು ಎಷ್ಟು ಸರಿಯಾಗಿ ಹೇಳಿದ್ದಳು! ನಾನು ಬರೆದ ‘ಪ್ರಶಾಂತ’ದಲ್ಲಿ ಮುಂದೆ ಬರುವ ಮಳೆ ಎಲ್ಲಿದೆ ಹೇಳಿ? ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು, ನೀವೂ ಇಂಥದ್ದೇನೋ ಅಂದಿರಬೇಕು, ನಿಮಗೆ ಗೊತ್ತಾಗುತ್ತದೆ. ‘ಪ್ರಶಾಂತ’ಕ್ಕೆ ಅಡ್ಡಗೆರೆ ಎಳೆದೆ. ಕಟ್ಟಳೆ ಕಟ್ಟಳೆಯೇ ಅಂತ ಎದ್ದು ಹೋಗಿ ನನ್ನ ಅಡುಗೆಮನೆ ಹೊಸ್ತಿಲಲ್ಲಿ ಕೂತು, ಗಟ್ಟಿಯಾಗಿ ವಾಕ್ಯ ಹೇಳಿದೆ: “ಅಮ್ಮ ಹೋದ ಮೇಲೆ, ಈ ಒಂಟಿತನ ಶುರುವಾಗೋಕೆ ಮುಂಚೆ, ನಿನ್ನ ಹತ್ರ ಇದ್ದಷ್ಟು ದಿನ ನಂಗೆ ಹೊಳವಿನ ದಿನ ಕಣಮ್ಮ ದೊಡ್ಡಮ್ಮ.” ಒಲೆ ಹಚ್ಚಿರಲಿಲ್ಲ. ಒಗ್ತದೆ ಅನ್ನೋರಾಗಲಿ, ಬರ್ಕೊಳ್ಳಿ ಅನ್ನೋರಾಗಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಮಸಿ ಪೆನ್ನು ಪಕ್ಕಕ್ಕಿಟ್ಟು, ಪೆನ್ಸಿಲ್ಲಿನಲ್ಲೇ ಬರೆದೆ.