ಬಾಲವಿಲ್ಲದ ನವಿಲು

ಯಲಹಂಕದ ಸ್ವೆಟರ್ ಕಂಪನಿಯೊಂದರಲ್ಲಿ ನನ್ನದು ಡಿಸೈನ್ ಮಾಡೋ ಕೆಲಸ. ಈ ಸಲ ಹಳೇ ಕಾಲದ ಹಚ್ಚೆಯನ್ನೇ ಹೆಣಿಗೆಗೆ ಇಳಿಸೋಣ ಅಂತ ಬಾಗಲೂರಿಗೆ ಹೋದೆ. ಅಲ್ಲಿ ಮುನಿಯಮ್ಮ ಅನ್ನೋ ಅಜ್ಜಿಯ ಮುಂಗೈ ಮೇಲೆ ಚುಕ್ಕಿ ಚುಕ್ಕಿಯಾಗಿ ಒಂದು ನವಿಲಿತ್ತು. ಒಂದು ಚುಕ್ಕಿಗೆ ಒಂದು ಚೌಕದಂತೆ ಗ್ರಾಫ್ ಹಾಳೆಗೆ ಬರೆದುಕೊಂಡೆ. ತಲೆ, ಕೊರಳು, ಹೊಟ್ಟೆ ಎಲ್ಲಾ ಇತ್ತು, ಬಾಲ ಮಾತ್ರ ಇರಲಿಲ್ಲ. ನನಗೆ ರೋಮಾಂಚನವಾಯ್ತು.

ನೋಡುವವರ ಕಲ್ಪನೆಗೇ ಬಾಲವನ್ನು ಬಿಡೋದು ನಮ್ಮ ಹಳ್ಳಿ ಹೆಂಗಸರ ಸೌಂದರ್ಯಪ್ರಜ್ಞೆ ಅಂತ ಆಫೀಸಲ್ಲಿ ಅರ್ಧ ಗಂಟೆ ಭಾಷಣ ಬಿಗಿದೆ. ಬಾಸ್ ತಲೆದೂಗಿ, ಆ ಮಾತನ್ನು ಸ್ವೆಟರಿಗೆ ಕಟ್ಟೋ ಚೀಟಿಯಲ್ಲೂ ಅಚ್ಚು ಹಾಕಿಸಿದರು.

ಮೊದಲ ಸ್ವೆಟರನ್ನು ಅಜ್ಜಿಗೇ ತಗೊಂಡು ಹೋದೆ. ಎದೆ ತುಂಬಾ ಸಾಲು ಸಾಲು ನವಿಲು. ಅಜ್ಜಿ ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು.

"ಇವ್ಕೂ ಬಾಲ ಇಲ್ವಲ್ಲವ್ವಾ."

"ಅದೇ ಚೆಂದ ಅಜ್ಜಿ. ನಿಮ್ಮ ಕೈ ಮೇಲಿರೋ ಹಂಗೇ ಇದೆ."

"ನಂದು ಅರ್ಧ ಆಗೋವಷ್ಟ್ರಲ್ಲಿ ಉರಿ ತಡೀಲಾರ್ದೆ, ಅಚ್ಚೆ ಆಕೋಳ ಕೈ ಕಚ್ಚಿ ಓಡೋಗ್ಬಿಟ್ಟೆ ಕಣವ್ವ. ನಮ್ಮವ್ವ ಕೆರೆ ಏರಿ ತಂಕ ಅಟ್ಟಿಸ್ಕೊಂಡು ಬಂದಿದ್ಲು."

ಅಜ್ಜಿ ಸ್ವೆಟರನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿದರು.

"ಇವೆಲ್ಲಾ ಯಾರ್ಯಾರ ಕೈಯವು? ಅಷ್ಟೂ ಜನ ನನ್ನಂಗೇ ಓಡೋಗ್ಬಿಟ್ರಾ?"

ಚೀಟಿ ಇನ್ನೂ ಹಾಗೇ ಇದೆ. ಅದನ್ನು ಓದಿ ತಲೆದೂಗೋ ಗಿರಾಕಿಗಳನ್ನು ಕಂಡಾಗ ಮಾತ್ರ, ನನಗೂ ಕೆರೆ ಏರಿ ತನಕ ಓಡಿಬಿಡೋಣ ಅನ್ನಿಸುತ್ತೆ.